ಗ್ರೀಕ್, ಲ್ಯಾಟಿನ್ ಮೂಲಪದಗಳ ಪಟ್ಟಿ ಉರು ಹೊಡೆದರೆ ಸೈನ್ಸ್ ಇಂಗ್ಲಿಷ್ ಸುಲಭ ಆಗುತ್ತಾ?

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಪಿಯು ಸೈನ್ಸ್, ಕೈಯಲ್ಲಿ ಐನೂರು ಮೂಲಪದಗಳ ಪಟ್ಟಿ. ಗ್ರೀಕ್ ಮೊದಲು ಕಲಿಯಲಾ, ಲ್ಯಾಟಿನ್ ಮೊದಲಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ಇದೇ ಪಟ್ಟಿ ಹಿಡಿದು ನಾನೂ ಕೂತಿದ್ದೆ.

ನನ್ನದು ಇನ್ನೂರು ಪುಟದ ನೋಟ್‌ಬುಕ್. ಎಡಗಡೆ ಮೂಲಪದ, ಬಲಗಡೆ ಕನ್ನಡ ಅರ್ಥ. ಬಸ್ಸಿನಲ್ಲಿ, ಹಾಸ್ಟೆಲ್ ಊಟದ ಸಾಲಿನಲ್ಲಿ, ಎಲ್ಲಿ ನಿಂತರೂ ಅದೇ ಜಪ. ಹೈಡ್ರೋ ಅಂದರೆ ನೀರು, ಫೋಟೋ ಅಂದರೆ ಬೆಳಕು, ಲೈಸಿಸ್ ಅಂದರೆ ಬಿಡಿಸುವುದು. ಶುರುವಿನಲ್ಲಿ ತುಂಬಾ ಧೈರ್ಯ ಬಂತು. ಹೈಡ್ರಾಲಿಸಿಸ್ ಅನ್ನೋ ಪದ ಮೊದಲ ಸಲ ಕಂಡಾಗ ಅರ್ಥ ತಾನಾಗೇ ಬಿಚ್ಚಿಕೊಂಡಿತು. ಆ ಧೈರ್ಯದಲ್ಲೇ ಎಡವಿದೆ.

ಬಿಎಸ್ಸಿ ಮೊದಲ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ನನಗೆ ಬಂದಿದ್ದು ಡೇನಿಯಲ್ ಸೆಲ್, ಅಂದರೆ ಸತು ಮತ್ತು ತಾಮ್ರದಿಂದ ಕರೆಂಟ್ ಹುಟ್ಟಿಸುವ ಒಂದು ಬಗೆಯ ಬ್ಯಾಟರಿ. ಒಂದು ಬೀಕರಿನಲ್ಲಿ ಜಿಂಕ್ ಸಲ್ಫೇಟ್, ಅದರಲ್ಲಿ ಸತುವಿನ ಪಟ್ಟಿ. ಇನ್ನೊಂದರಲ್ಲಿ ನೀಲಿ ಕಾಪರ್ ಸಲ್ಫೇಟ್, ಅದರಲ್ಲಿ ತಾಮ್ರದ ಪಟ್ಟಿ. ನಡುವೆ ಎರಡೂ ದ್ರಾವಣಗಳನ್ನು ಜೋಡಿಸುವ ಉಪ್ಪಿನ ಸೇತುವೆ, ಸಾಲ್ಟ್ ಬ್ರಿಡ್ಜ್. ಇಂಥ ಎರಡು ಪಟ್ಟಿಗಳಲ್ಲಿ ಒಂದು ಆನೋಡ್, ಇನ್ನೊಂದು ಕ್ಯಾಥೋಡ್. ಸತು ಆನೋಡ್ ಅಂತ ನನಗೆ ಗೊತ್ತಿತ್ತು. ನನ್ನ ನೋಟ್‌ಬುಕ್‌ನಲ್ಲಿ ಆನಾ ಅಂದರೆ ಮೇಲೆ, ಕಾಟಾ ಅಂದರೆ ಕೆಳಗೆ. ಮೇಲೆ ಅಂದರೆ ಜಾಸ್ತಿ, ಜಾಸ್ತಿ ಅಂದರೆ ಪ್ಲಸ್ ಅಂತ ನಾನೇ ಜೋಡಿಸಿಕೊಂಡಿದ್ದೆ. ಹೈಸ್ಕೂಲಲ್ಲಿ ಆನೋಡ್‌ಗೆ ಕಲಿತ ಕನ್ನಡ ಪದವೂ ಧನಾಗ್ರ ಅಂತಲೇ ಅಲ್ವಾ? ಸಂಶಯಕ್ಕೆ ಜಾಗವೇ ಇರಲಿಲ್ಲ. ವೋಲ್ಟ್‌ಮೀಟರಿನ ಕೆಂಪು ತುದಿಯನ್ನು, ಅಂದರೆ ಪ್ಲಸ್ ತುದಿಯನ್ನು, ಸತುವಿಗೆ ಸಿಕ್ಕಿಸಿದೆ.

ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೋಗಿ ಎಡಗಡೆ ತಟ್ಟಿ ನಿಂತಿತು. 1.1 ವೋಲ್ಟ್ ಆಸುಪಾಸು ಬರಬೇಕಿತ್ತು.

ಇಲ್ಲಿವರೆಗಿನ ತಪ್ಪು ಸಣ್ಣದು. ವೈರ್ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ದೊಡ್ಡ ತಪ್ಪು ಆಮೇಲಿನದು. ಮುಳ್ಳು ಹೇಳ್ತಿದೆ, ಸತು ಮೈನಸ್ ಅಂತ. ನೋಟ್‌ಬುಕ್ ಹೇಳ್ತಿದೆ, ಆನೋಡ್ ಪ್ಲಸ್ ಅಂತ. ನಾನು ನೋಟ್‌ಬುಕ್ಕನ್ನು ನಂಬಿದೆ. ಹಾಗಾದರೆ ಸತು ಆನೋಡ್ ಆಗಿರಲು ಸಾಧ್ಯವೇ ಇಲ್ಲ ಅಂತ ತೀರ್ಮಾನ ಮಾಡಿ, ಬರೆದಿದ್ದನ್ನೆಲ್ಲ ಹೊಡೆದು ಹಾಕಿದೆ. ತಾಮ್ರವನ್ನು ಆನೋಡ್ ಮಾಡಿದೆ. ಆನೋಡ್‌ನಲ್ಲಿ ಆಕ್ಸಿಡೇಷನ್, ಅಂದರೆ ಎಲೆಕ್ಟ್ರಾನ್ ಬಿಡೋದು, ನಡೆಯುತ್ತೆ ಅಂತ ಗೊತ್ತಿತ್ತಲ್ಲ, ಆದ್ದರಿಂದ ತಾಮ್ರ ಎಲೆಕ್ಟ್ರಾನ್ ಬಿಡುತ್ತೆ ಅಂತ ಬರೆದೆ. ಸಮೀಕರಣ ಎರಡೂ ತಲೆಕೆಳಗು. ಲೆಕ್ಕವೂ ತಲೆಕೆಳಗು. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ವೈವಾದಲ್ಲಿ ಯಾಕೆ ಅಂತ ಕೇಳಿದರು. "ಆನಾ ಅಂದರೆ ಮೇಲೆ ಸರ್" ಅಂದೆ. ಅವರು ಏನೂ ಹೇಳದೆ ಬೀಕರ್ ಕಡೆ ಒಂದು ಸಲ ನೋಡಿ ಮುಂದಿನ ಟೇಬಲ್‌ಗೆ ಹೋದರು. ಆ ಪೇಪರ್ ಹೋಯಿತು. ಮುಂದಿನ ವರ್ಷ ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. ಅದರ ಫೀಸು ಅಪ್ಪ ಹೊಂದಿಸಿದ್ದು ಹೇಗೆ ಅಂತ ನನಗೆ ಗೊತ್ತು.

ಆನೋಡ್ ಅನ್ನೋ ಹೆಸರಿನ ಕತೆ ಆಮೇಲೆ ಓದಿದೆ. 1834ರಲ್ಲಿ ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ ದ್ರಾವಣಗಳಲ್ಲಿ ಕರೆಂಟ್ ಹಾಯಿಸಿ ಪ್ರಯೋಗ ಮಾಡುತ್ತಿದ್ದ. ಕಮ್ಮಾರನ ಮಗ, ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಬೆಳೆದವನು. ಗ್ರೀಕ್ ಬರುತ್ತಿರಲಿಲ್ಲ. ಪ್ರಯೋಗ ಕೈವಶವಾದ ಮೇಲೆ, ಹೆಸರು ಬೇಕು ಅಂತ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದ. ಸೈಂಟಿಸ್ಟ್ ಅನ್ನೋ ಪದ ಹುಟ್ಟಿಸಿದವನೂ ಈ ಹ್ಯೂವೆಲ್ಲೇ. ಆನೋಡ್, ಕ್ಯಾಥೋಡ್ ಅವನು ಸೂಚಿಸಿದ ಹೆಸರುಗಳು. ಹೋಡೋಸ್ ಅಂದರೆ ದಾರಿ. ಮೇಲೇರುವ ದಾರಿ, ಕೆಳಗಿಳಿಯುವ ದಾರಿ. ಏರೋದು, ಇಳಿಯೋದು ಯಾರು? ಸೂರ್ಯ! ಕರೆಂಟ್ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವಂತೆ ಪಾತ್ರೆ ಇಟ್ಟಿದ್ದೇವೆ ಅಂತ ಫ್ಯಾರಡೆ ಊಹಿಸಿಕೊಂಡ. ಕರೆಂಟ್ ದ್ರಾವಣದ ಒಳಗೆ ಬರುವ ಕಡೆ ಸೂರ್ಯ ಹುಟ್ಟುವ ಕಡೆ, ಅದು ಆನೋಡ್. ಹೊರಗೆ ಹೋಗುವ ಕಡೆ ಕ್ಯಾಥೋಡ್. ಕರೆಂಟ್ ಬಗೆಗಿನ ತಿಳಿವಳಿಕೆ ಮುಂದೆ ಬದಲಾದರೂ ಸುಳ್ಳಾಗದ ಹೆಸರು ಬೇಕು ಅಂತಲೇ ಅಷ್ಟು ಯೋಚಿಸಿದ್ದ. ಅದರಲ್ಲಿ ಇಲ್ಲದ ಪ್ಲಸ್ಸನ್ನು ತುರುಕಿದವನು ನಾನು.

ಈಗ ನೋಡಿ. ಡೇನಿಯಲ್ ಸೆಲ್‌ನಲ್ಲಿ ಸತು ಎಲೆಕ್ಟ್ರಾನ್‌ಗಳನ್ನು ಹೊರಗಿನ ವೈರಿಗೆ ತಳ್ಳುತ್ತೆ, ಆದ್ದರಿಂದ ಅದು ಮೈನಸ್. ಕರೆಂಟಿನ ದಿಕ್ಕನ್ನು ಎಲೆಕ್ಟ್ರಾನ್‌ಗಳ ದಿಕ್ಕಿಗೆ ವಿರುದ್ಧವಾಗಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಕರೆಂಟ್ ದ್ರಾವಣದೊಳಗೆ ಬರೋದೂ ಸತುವಿನಿಂದಲೇ, ಆದ್ದರಿಂದ ಆನೋಡ್. ಎಲೆಕ್ಟ್ರಾಲಿಸಿಸ್‌ನಲ್ಲಿ, ಅಂದರೆ ಹೊರಗಿನಿಂದ ಕರೆಂಟ್ ಹಾಯಿಸಿ ವಸ್ತುವನ್ನು ಬಿಡಿಸುವಾಗ, ಬ್ಯಾಟರಿಯ ಪ್ಲಸ್ ಕಡೆಯಿಂದ ಕರೆಂಟ್ ಒಳಗೆ ಬರುತ್ತೆ, ಅಲ್ಲಿ ಆನೋಡ್ ಪ್ಲಸ್. ನಮ್ಮ ಧನಾಗ್ರ ಅಲ್ಲಿಗೆ ಮಾತ್ರ ಸರಿ.

ಹಾಗಾಗಿ ಗ್ರೀಕಾ, ಲ್ಯಾಟಿನ್ನಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಪಟ್ಟಿ ಮಡಿಚಿಡಿ. ಪಟ್ಟಿಯಲ್ಲಿ ಹೋಮೋ ಅಂತ ಇರುತ್ತೆ. ಹೋಮೋಜೀನಿಯಸ್‌ನಲ್ಲಿ ಅದು ಗ್ರೀಕ್, ಅರ್ಥ ಒಂದೇ ಬಗೆಯದು. ಹೋಮೋ ಸೇಪಿಯನ್ಸ್‌ನಲ್ಲಿ ಲ್ಯಾಟಿನ್, ಅರ್ಥ ಮನುಷ್ಯ. ಯಾವುದು ಎಲ್ಲಿ ಅಂತ ತಿಳಿಯೋಕೆ ವಿಷಯ ಮೊದಲೇ ಗೊತ್ತಿರಬೇಕು. ಇನ್ನು ಕೆಲವು ಹೆಸರುಗಳಲ್ಲಿ ಹೆಸರಿಟ್ಟವರ ತಪ್ಪೇ ಉಳಿದಿದೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂದುಕೊಂಡು ಫ್ರೆಂಚ್ ವಿಜ್ಞಾನಿ ಲವಾಸಿಯೇ ಅದನ್ನು ಆಕ್ಸಿಜನ್ ಅಂತ ಕರೆದ, ಆಮ್ಲ ಹುಟ್ಟಿಸುವುದು ಅಂತ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲ ಅನ್ನೋದನ್ನು 1810ರಲ್ಲಿ ಇಂಗ್ಲಿಷ್ ವಿಜ್ಞಾನಿ ಹಂಫ್ರಿ ಡೇವಿ ತಿಳಿಸಿಕೊಟ್ಟ. ಆದರೂ ನಾವು ಇವತ್ತಿಗೂ ಆಮ್ಲಜನಕ ಅಂತಲೇ ಅನ್ನುತ್ತೇವೆ.

ನೀವು ಪದ ಬಿಡಿಸೋದನ್ನು ಹೊಸದಾಗಿ ಕಲಿಯಬೇಕಿಲ್ಲ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸುವುದು ಅಂತ ಮೇಷ್ಟ್ರು ಬಿಡಿಸಿ ಹೇಳಿದ್ದು ನೆನಪಿದೆಯಲ್ಲ? ಫೋಟೋಸಿಂಥಸಿಸ್ ಅಂದರೂ ಅದೇ. ಆದರೆ ಎಲೆಯಲ್ಲಿ ಏನು ನಡೆಯುತ್ತೆ ಅಂತ ತಿಳಿದ ಮೇಲೆ ಹೆಸರು ಬಿಡಿಸಿ. ಆಗ ಅದು ಮರೆಯೋದೇ ಇಲ್ಲ.

ಇವತ್ತು ರಾತ್ರಿ ಪುಸ್ತಕ ಮುಚ್ಚಿ ಡೇನಿಯಲ್ ಸೆಲ್ ಚಿತ್ರ ಬರೆಯಿರಿ. ಎಲೆಕ್ಟ್ರಾನ್ ಯಾವ ಕಡೆಯಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ಬಾಣ ಹಾಕಿ. ಹೆಸರುಗಳನ್ನು ಕೊನೆಯಲ್ಲಿ ಬರೆಯಿರಿ. ಸರಿಯೋ ತಪ್ಪೋ ಅಂತ ಅನುಮಾನ ಬಂದರೆ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.