‘ನಿನ್ನಿಷ್ಟ ಕಣೇ’ ಎನ್ನುವ ಅಕ್ಕ, ಹೊಸ ಹೋಟೆಲ್ ಹುಡುಕುವ ತಂಗಿ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆ ಕೇಳಿ ಬಂದವರು 46 ವರ್ಷದ ಮಹಿಳೆ. ಅಕ್ಕನಿಗೆ 61. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಿ ಓದಿಸಿದವರು ಅಕ್ಕನೇ. ವರ್ಷಕ್ಕೊಮ್ಮೆ ಎರಡು ವಾರದ ಮಟ್ಟಿಗೆ ಅಕ್ಕ ಬಂದು ಉಳಿಯುತ್ತಾರೆ. ಈ ಸಲ ಅವರು ಬರುವ ಮುಂಚೆಯೇ ತಂಗಿ ತಮ್ಮ ಬಡಾವಣೆಯ ಸುತ್ತ ಹೊಸದಾಗಿ ತೆರೆದ ಹೋಟೆಲ್‌ಗಳ ಪಟ್ಟಿ ಸಿದ್ಧಮಾಡಿದ್ದರು. ಮೊದಲ ಐದು ದಿನದಲ್ಲಿ ನಾಲ್ಕು ರಾತ್ರಿ ಹೊರಗೇ ಊಟ. ನಾಲ್ಕನೆಯ ರಾತ್ರಿ ತಟ್ಟೆ ಬರುವ ಮೊದಲೇ ಅಕ್ಕ ಎದ್ದು ನಿಂತು, “ನನ್ನನ್ನ ಹೀಗೆ ಬೀದಿಬೀದಿ ತಿರುಗಿಸ್ತೀಯಲ್ಲ, ಮನೇಲಿ ಒಲೆ ಇಲ್ವೇನೇ?” ಎಂದರು. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ.

ತಂಗಿಯ ದೂರು ಹೀಗಿತ್ತು: “ಎಲ್ಲಿಗೆ ಹೋಗೋಣ ಅಂತ ಕೇಳಿದ್ರೆ ‘ನಿನ್ನಿಷ್ಟ ಕಣೇ’ ಅಂತಾಳೆ. ಕರ್ಕೊಂಡು ಹೋದ್ಮೇಲೆ ಮುಖ ಗಂಟು ಹಾಕ್ಕೊಂಡು ಕೂರ್ತಾಳೆ. ನಾನು ಬೆಳೆದಿದ್ದೇ ಅವಳಿಗೆ ಸಹಿಸೋಕಾಗಲ್ಲ ಅನ್ಸತ್ತೆ.”

ಕೊನೆಯ ವಾಕ್ಯ ಆಪ್ತಸಲಹೆಗಾರರನ್ನು ನೇರವಾಗಿ ಬಾಲ್ಯಕ್ಕೆ ಎಳೆದುಕೊಂಡು ಹೋಗುವಂಥದ್ದು. ಎಳೆಸಿಕೊಳ್ಳಬಾರದು. ಊಟದ ಮೇಜಿನ ಜಗಳ ಬಂದಾಗ ಮೊದಲು ಕೇಳಬೇಕಾದ್ದು ಗಡಿಯಾರವನ್ನು, ಆಮೇಲೆ ಕಿವಿ, ಕಣ್ಣು, ಹೊಟ್ಟೆಯನ್ನು. ಮನಸ್ಸಿನ ಸರದಿ ಅವೆಲ್ಲದರ ನಂತರ. ಹಾಗಾಗಿ ಜಗಳವಾದ ರಾತ್ರಿಯ ವೇಳಾಪಟ್ಟಿಯನ್ನು ಬರೆದು ತರಲು ತಂಗಿಗೆ ಹೇಳಲಾಯಿತು: ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಕೂತಿರಿ, ಯಾರು ಎಲ್ಲಿ ಕೂತರು, ಅಕ್ಕ ಮಾತ್ರೆ ತೆಗೆದುಕೊಂಡದ್ದು ಯಾವಾಗ.

ಬಂದ ಕಾಗದದಲ್ಲಿ ಅರ್ಧ ಉತ್ತರ ಅಲ್ಲೇ ಇತ್ತು. 7.30ಕ್ಕೆ ಮನೆಯಲ್ಲಿ ಮಾತ್ರೆ. ಅಕ್ಕ ಎಂಟಕ್ಕೆ ಊಟ ಮಾಡುವವರು. 8.00ಕ್ಕೆ ಹೋಟೆಲ್ ಬಾಗಿಲು, ಟೇಬಲ್ ಖಾಲಿಯಿಲ್ಲ. 8.30ಕ್ಕೆ ಜಾಗ ಸಿಕ್ಕಿತು. ಮೆನು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡುವಂಥದ್ದು, ಅಕ್ಕನ ಫೋನಿನಲ್ಲಿ ತೆರೆಯಲಿಲ್ಲ. 8.45ಕ್ಕೆ ಆರ್ಡರ್. 9.05ಕ್ಕೆ ಅಕ್ಕನ ಕೈ ಸಣ್ಣಗೆ ನಡುಗುತ್ತಿತ್ತು, ಹಣೆ ಬೆವತಿತ್ತು. 9.10ಕ್ಕೆ ಜಗಳ. 9.20ಕ್ಕೆ ಊಟ ಬಂತು.

ಮಾತ್ರೆ ಗ್ಲಿಮೆಪಿರೈಡ್. ಇದು ಸಲ್ಫೋನಿಲ್‌ಯೂರಿಯಾ ಗುಂಪಿನ ಮಧುಮೇಹದ ಔಷಧ. ಹೊಟ್ಟೆಗೆ ಏನೂ ಬೀಳದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮಾತ್ರೆ ನುಂಗಿ ಎರಡು ಗಂಟೆ ಊಟವಿಲ್ಲದೆ ಕೂತರೆ ರಕ್ತದ ಸಕ್ಕರೆ ಇಳಿಯುವ ಸಾಧ್ಯತೆ ಇದ್ದೇ ಇದೆ. ಸಕ್ಕರೆ 70 ಮಿ.ಗ್ರಾಂ./ಡೆ.ಲೀ.ಗಿಂತ ಕೆಳಗೆ ಹೋದಾಗ ನಡುಕ, ಬೆವರು, ಎದೆಬಡಿತ ಬರುತ್ತವೆ. ಜೊತೆಗೆ ಕಾರಣವಿಲ್ಲದ ಸಿಡುಕು ಕೂಡ. ಪಕ್ಕದಲ್ಲಿ ಕೂತವರಿಗೆ ಸಿಡುಕೊಂದೇ ಎದ್ದು ಕಾಣುತ್ತದೆ. ಬರಿಯ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ಆದ್ದರಿಂದ ‘ಸಕ್ಕರೆ ಕಾಯಿಲೆ ಇದೆ’ ಎಂದಷ್ಟೇ ಕೇಳಿ ಸುಮ್ಮನಾಗದೆ ಯಾವ ಮಾತ್ರೆ ಎಂದು ಕೇಳಬೇಕು.

ಔಷಧದ ಸಮಯ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಆ ಕಾಗದವನ್ನೇ ಹಿಡಿದು ಅಕ್ಕನ ವೈದ್ಯರೊಂದಿಗೆ ಮಾತಾಡಲು ಹೇಳಲಾಯಿತು. ಹೊರಗೆ ಊಟವಿರುವ ದಿನ ಮಾತ್ರೆ ಜೊತೆಗೇ ಇರಲಿ, ಊಟ ಎದುರಿಗೆ ಬಂದ ಮೇಲೆ ನುಂಗಿ ಎಂದು ವೈದ್ಯರು ತಿಳಿಸಿದರು. ಇದು ಆ ಒಬ್ಬರಿಗೆ ಕೊಟ್ಟ ಸೂಚನೆ. ಓದಿದವರು ತಮ್ಮ ವೈದ್ಯರನ್ನೇ ಕೇಳಬೇಕು. ಚೀಲದಲ್ಲಿ ಗ್ಲೂಕೋಸ್ ಇಟ್ಟುಕೊಳ್ಳುವುದು ಮಾತ್ರ ಇಂಥ ಎಲ್ಲರಿಗೂ ಸಲ್ಲುತ್ತದೆ: ಲಕ್ಷಣ ಕಂಡರೆ 15 ಗ್ರಾಂ, ಅಂದರೆ ಸುಮಾರು ಮೂರು ಚಹಾ ಚಮಚ ಸಕ್ಕರೆಯಷ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಇನ್ನೂ 70ಕ್ಕಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಅಷ್ಟೇ.

ಎರಡನೆಯ ಭೇಟಿಗೆ ಅಕ್ಕನೂ ಬಂದರು. ಬಲಗಡೆಯಿಂದ ಮಾತಾಡಿಸಿದಾಗ ತಲೆ ತಿರುಗಿಸಿ ಎಡಗಿವಿ ಕೊಡುತ್ತಿದ್ದರು. ತಂಗಿ ಇದನ್ನು ಗಮನಿಸಿಯೇ ಇರಲಿಲ್ಲ, ಏಕೆಂದರೆ ಮನೆಯ ನಿಶ್ಶಬ್ದದಲ್ಲಿ ಅಕ್ಕನಿಗೆ ಎಲ್ಲವೂ ಕೇಳುತ್ತಿತ್ತು. ವಯಸ್ಸಿನಿಂದ ಬರುವ ಕಿವುಡು ಮೊದಲು ಕದಿಯುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು: ಸ್, ಶ್, ತ್, ಕ್ ಮುಂತಾದ ವ್ಯಂಜನಗಳು. ಸ್ವರಗಳು ಉಳಿಯುತ್ತವೆ. ಹಾಗಾಗಿ ಮಾತು ನಡೆಯುತ್ತಿದೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ತುಂಬಿದ ಹೋಟೆಲಿನ ಗದ್ದಲ 80ರ ಆಸುಪಾಸು ಹೋಗುವುದುಂಟು. ಬರಿಯ ಗೋಡೆ, ಗಾಜು, ನುಣುಪು ನೆಲದ ಹೊಸ ಹೋಟೆಲ್‌ಗಳಲ್ಲಿ ಸದ್ದು ಇನ್ನಷ್ಟು ಮೊಳಗುತ್ತದೆ. ತಂಗಿ ಪ್ರತಿಸಲವೂ ‘ನೋಟ ಚೆನ್ನಾಗಿದೆ’ ಎಂದು ಹಾಲಿನ ನಡುವಿನ ಟೇಬಲನ್ನೇ ಹಿಡಿದಿದ್ದರು. ಅಕ್ಕ ಮೊದಲ ಮೂರು ಊಟವನ್ನೂ ಅರ್ಧ ಮಾತು ಕೇಳದೆ, ಕೇಳಿದಂತೆ ನಗುತ್ತಾ ಮುಗಿಸಿದ್ದರು. ಅವರಿಗೆ ಶ್ರವಣ ಪರೀಕ್ಷೆ ಮಾಡಿಸಲು ಹೇಳಲಾಯಿತು.

ಇಷ್ಟಾದ ಮೇಲೆ ‘ನಿನ್ನಿಷ್ಟ ಕಣೇ’ಗೆ ಬಂದೆವು. ನಿಜವಾಗಿ ಏನು ಬೇಕಿತ್ತು ಎಂದು ಇಬ್ಬರಿಗೂ ಬೇರೆಬೇರೆಯಾಗಿ ಬರೆಯಲು ಕೊಟ್ಟರೆ, ಅಕ್ಕ ಬರೆದದ್ದು: “ಒಂದೆರಡು ಸಲ ಹೊರಗೆ ಸಾಕು. ಅವಳಿಗೆ ಖುಷಿ ಅಂತ ಬಂದೆ.” ತಂಗಿ ಬರೆದದ್ದು: “ವಾರದ ಕೊನೆಗೆ ಒಂದು ಸಲ ಸಾಕಿತ್ತು. ಮನೇಲಿದ್ರೆ ಅಕ್ಕ ಅಡುಗೆಮನೆ ಬಿಟ್ಟು ಬರೋದೇ ಇಲ್ಲ, ಅವಳಿಗೆ ಬೇಜಾರಾಗತ್ತೆ ಅಂತ ಕರ್ಕೊಂಡು ಹೋದೆ.”

ಅಂದರೆ ನಾಲ್ಕು ಊಟದಲ್ಲಿ ಕನಿಷ್ಠ ಎರಡು ಇಬ್ಬರಿಗೂ ಬೇಡವಾಗಿದ್ದವು. ಇದಕ್ಕೆ ಹೆಸರೇ ಇದೆ: ಅಬಿಲೀನ್ ವಿರೋಧಾಭಾಸ. ಅಮೆರಿಕದ ನಿರ್ವಹಣಾ ತಜ್ಞ ಜೆರ್ರಿ ಹಾರ್ವಿ 1974ರಲ್ಲಿ ಇದನ್ನು ವಿವರಿಸಿದರು, ಅದೂ ಒಂದು ಹೊರಗಿನ ಊಟದ ಪ್ರಸಂಗದಿಂದಲೇ. ಟೆಕ್ಸಾಸಿನ ಸುಡುಬಿಸಿಲಲ್ಲಿ ನಾಲ್ವರ ಕುಟುಂಬ 53 ಮೈಲಿ ದೂರದ ಅಬಿಲೀನ್‌ಗೆ ಹೋಗಿ ಉಂಡು ಬಂದಿತು. ಮರಳಿದ ಮೇಲೆ ನೋಡಿದರೆ ಯಾರಿಗೂ ಹೋಗುವ ಮನಸ್ಸಿರಲಿಲ್ಲ, ಮಾವ ಸುಮ್ಮನೆ ಒಂದು ಮಾತು ಎಸೆದಿದ್ದರು, ಉಳಿದವರು ಇನ್ನೊಬ್ಬರಿಗಾಗಿ ಒಪ್ಪಿದ್ದರು. ‘ಎಲ್ಲಿಗೆ ಹೋಗೋಣ?’ ಎಂಬ ಬಾಯ್ತೆರೆದ ಪ್ರಶ್ನೆಗೆ ಅತಿಥಿ ಮರ್ಯಾದೆಯ ಉತ್ತರ ಕೊಡುತ್ತಾರೆ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಆತಿಥೇಯರ ತಪ್ಪು ಲೆಕ್ಕ.

ಪ್ರಶ್ನೆಯನ್ನೇ ಬದಲಿಸಲಾಯಿತು. ತಂಗಿ ಮೂರು ಜಾಗ ಮುಂದಿಡಬೇಕು, ನಾಲ್ಕನೆಯದಾಗಿ ‘ಈ ದಿನ ಮನೆಯಲ್ಲೇ’ ಎಂಬುದೂ ಇರಬೇಕು. ಅಕ್ಕ ಬೇಡವಾದ ಎರಡನ್ನು ತೆಗೆದುಹಾಕಬೇಕು. ಉಳಿದ ಎರಡರಲ್ಲಿ ತಂಗಿಯ ಆಯ್ಕೆ. ‘ಇದು ಬೇಕು’ ಎನ್ನಲು ಸಂಕೋಚಪಡುವವರು ‘ಇದೊಂದು ಬೇಡಪ್ಪ’ ಎನ್ನಲು ಅಷ್ಟು ಹಿಂಜರಿಯುವುದಿಲ್ಲ. ಮೆನುವನ್ನು ಹಿಂದಿನ ಸಂಜೆಯೇ ಮನೆಯಲ್ಲಿ, ಕನ್ನಡಕ ಹಾಕಿಕೊಂಡು, ದೊಡ್ಡ ಪರದೆಯಲ್ಲಿ ನೋಡಿಕೊಳ್ಳಬೇಕು. ಮಂದ ಬೆಳಕಿನಲ್ಲಿ ಸಣ್ಣ ಅಕ್ಷರ ಓದಲಾಗದೆ ‘ನೀನೇ ಏನಾದ್ರೂ ಹೇಳ್ಬಿಡು’ ಎಂದ ಮಾತು ಅನಾಸಕ್ತಿಯಂತೆ ಕೇಳಿಸಿಬಿಡುತ್ತದೆ.

ಮೂರು ಜಾಗ ಆರಿಸುವಾಗಲೂ ಒಂದು ಅಳತೆ ಬೇಕು. ತೆರೆದು ಒಂದೆರಡು ವಾರವಷ್ಟೇ ಆದ ಹೋಟೆಲನ್ನು ಪಟ್ಟಿಯಿಂದ ತೆಗೆಯಲು ಹೇಳಿದೆವು. ಹೊಸ ಅಡುಗೆಮನೆಯಲ್ಲಿ ಕೆಲಸದವರ ಕೈ ಇನ್ನೂ ಹೊಂದಿಕೊಂಡಿರುವುದಿಲ್ಲ, ಬಂದ ಜನ ಮಾತ್ರ ಹೆಚ್ಚು; ಆರ್ಡರ್ ತಡವಾಗುವುದು, ಅದಲುಬದಲಾಗುವುದು ಆಗಲೇ. ಒಂದೆರಡು ತಿಂಗಳು ಕಳೆದರೆ ಹೊಸತನವೂ ಇರುತ್ತದೆ, ಊಟವೂ ಹೊತ್ತಿಗೆ ಬರುತ್ತದೆ. ಪ್ರಯಾಣ ಇಪ್ಪತ್ತು ನಿಮಿಷ ಮೀರದಿರಲಿ. ರಾತ್ರಿಗಿಂತ ಮಧ್ಯಾಹ್ನ, ವಾರಾಂತ್ಯಕ್ಕಿಂತ ವಾರದ ದಿನ, ಬಾಗಿಲು ತೆರೆದ ಮೊದಲ ಅರ್ಧ ಗಂಟೆ. ಮುಂಚಿತವಾಗಿ ಫೋನ್ ಮಾಡಿ ಟೇಬಲ್ ಕಾದಿರಿಸುವಾಗ ಗೋಡೆಗೆ ಒರಗಿದ ಮೂಲೆ ಕೇಳಬೇಕು. ಸ್ಪೀಕರ್, ಅಡುಗೆಮನೆ ಬಾಗಿಲು, ಕಾಫಿ ಯಂತ್ರದಿಂದ ದೂರ. ಅಕ್ಕನ ಬೆನ್ನು ಗೋಡೆಗೆ, ತಂಗಿ ಎಡಗಡೆಗೆ, ಮಾತಾಡುವವರ ಮುಖದ ಮೇಲೆ ಬೆಳಕು. ಬೆಳಕಿದ್ದರೆ ಅಕ್ಕ ತುಟಿ ನೋಡಿ ಅರ್ಧ ತುಂಬಿಕೊಳ್ಳುತ್ತಾರೆ. ನಾಲ್ವರಿಗಿಂತ ಹೆಚ್ಚು ಜನ ಬೇಡ: ಮಾತು ಎರಡು ಕವಲಾಗಿ ಒಡೆಯುತ್ತದೆ, ಕಿವಿ ಕೇಳದವರು ಎರಡರಿಂದಲೂ ಹೊರಗುಳಿಯುತ್ತಾರೆ.

ಕೂತ ತಕ್ಷಣ ಸಪ್ಲೈಯರ್‌ನನ್ನು ಕೇಳಬೇಕಾದ ಮೊದಲ ಪ್ರಶ್ನೆ “ಬೇಗ ಯಾವುದು ಬರತ್ತೆ?” ಎಂಬುದು. ‘ಏನು ಸ್ಪೆಷಲ್’ ಆಮೇಲೆ. ಅನೇಕ ಕಡೆ ಒಂದು ಟೇಬಲಿನ ತಿನಿಸುಗಳನ್ನು ಒಟ್ಟಿಗೇ ಕಳಿಸುತ್ತಾರೆ, ಹಾಗಾಗಿ ಹೊತ್ತು ಹಿಡಿಯುವ ಒಂದೇ ತಿನಿಸು ಎಲ್ಲರ ತಟ್ಟೆಯನ್ನೂ ತಡೆದಿಡುತ್ತದೆ. “ಆದದ್ದು ಆದಂತೆ ತನ್ನಿ” ಎಂದು ಬಾಯಿಬಿಟ್ಟು ಹೇಳಬೇಕು. ಪರಿಚಿತವಾದ ಒಂದು, ಇಬ್ಬರೂ ಹಂಚಿಕೊಳ್ಳುವ ಹೊಸದು ಒಂದು, ಅಷ್ಟೇ. ಎಲ್ಲವೂ ಹೊಸದಾದರೆ ಹಿಡಿಸದಿದ್ದಾಗ ಹಸಿದು ಏಳಬೇಕಾಗುತ್ತದೆ.

ಅಕ್ಕ “ರುಚಿನೇ ಇಲ್ಲ” ಎಂದದ್ದನ್ನು ತಂಗಿ ತನ್ನ ಆಯ್ಕೆಯ ಮೇಲಿನ ಟೀಕೆ ಎಂದೇ ತೆಗೆದುಕೊಂಡಿದ್ದರು. ಅರವತ್ತು ದಾಟಿದವರಲ್ಲಿ ಹಲವರಿಗೆ ವಾಸನೆ ಗ್ರಹಿಸುವ ಶಕ್ತಿ ಕುಂದುತ್ತದೆ. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ವಾಸನೆಯೇ. ನವಿರಾದ ಪರಿಮಳವೇ ಹೆಚ್ಚುಗಾರಿಕೆಯಾದ ತಿನಿಸು ಅವರ ನಾಲಿಗೆಗೆ ನಿಜವಾಗಿಯೂ ಸಪ್ಪೆ. ಪರಿಚಯವಿಲ್ಲದ ರುಚಿ ಹಿಡಿಸಲು ಹಲವು ಸಲ ತಿನ್ನಬೇಕಾಗುತ್ತದೆ ಎಂಬುದೂ ಇದರ ಜೊತೆಗಿದೆ. ಹಾಗಿರುವಾಗ ಪ್ರತಿ ತುತ್ತಿಗೂ “ಇಷ್ಟ ಆಯ್ತಾ?” ಎಂದು ಕೇಳಿದರೆ ಅಕ್ಕ ಪರೀಕ್ಷೆಗೆ ಕೂತ ಹಾಗೆ. ಆ ಪ್ರಶ್ನೆಯನ್ನು ಊಟದ ಮೇಜಿನಲ್ಲಿ ನಿಷೇಧಿಸಲಾಯಿತು. ಮರುದಿನ ಬೆಳಿಗ್ಗೆ ಒಂದೇ ಮಾತು: “ಅಲ್ಲಿಗೆ ಇನ್ನೊಂದ್ಸಲ ಹೋಗ್ಬಹುದಾ ಅಕ್ಕ?”

ಬಿಲ್ಲಿನ ವಿಷಯ ಸುಲಭವಾಗಿ ಬಗೆಹರಿಯಲಿಲ್ಲ. ಕೈತೊಳೆಯುವ ನೆಪದಲ್ಲಿ ಅಕ್ಕ ಎರಡು ಸಲ ಕೌಂಟರಿಗೆ ಹೋಗಿ ಹಣ ಕಟ್ಟಿಬಂದಿದ್ದರು. ಅದು ತಂಗಿಗೆ ಅವಮಾನ. ಇಲ್ಲಿ ಮಾತ್ರ ತಂಗಿ ಹೇಳಿದ ಹಳೆಯ ಕಥೆಗೆ ಜಾಗವಿತ್ತು. ಉಣ್ಣಿಸಿ ಬೆಳೆಸಿದವರಿಗೆ, ಇನ್ನು ಸುಮ್ಮನೆ ಕೂತು ಉಣ್ಣು ಎಂದರೆ ಅಧಿಕಾರ ಕಿತ್ತುಕೊಂಡಂತೆ ಅನ್ನಿಸಬಹುದು. “ನನ್ನ ಕೈ ಊಟ ಇವಳಿಗೆ ಸಾಕಾಯ್ತೇನೋ ಅಂದ್ಕೊಂಡೆ” ಎಂದು ಅಕ್ಕ ಭೇಟಿಯಲ್ಲಿ ಹೇಳಿದಾಗ ತಂಗಿ ಅದನ್ನು ಮೊದಲ ಸಲ ಕೇಳುತ್ತಿದ್ದರು. ಸಲಹೆ: ಇಡೀ ವಾಸ್ತವ್ಯದಲ್ಲಿ ಒಂದು ಊಟ ಅಕ್ಕನದು. ಜಾಗ, ದಿನ, ಬಿಲ್ಲು ಎಲ್ಲ ಅವರದೇ, ತಂಗಿ ಅತಿಥಿ. ಉಳಿದದ್ದು ತಂಗಿಯದು, ಆ ದಿನ ಕೂರುವ ಮೊದಲೇ ಕೌಂಟರಿನಲ್ಲಿ ಹೇಳಿಟ್ಟಿರಬೇಕು. ಮನೆಯಲ್ಲಿ ಉಣ್ಣುವ ದಿನ ಅಡುಗೆ ಅಕ್ಕನದೇ ಆಗಿದ್ದರೆ, ಆ ಊಟದ ಬಗ್ಗೆಯೂ ಒಂದು ಮಾತು ಹೇಳುವುದು ತಂಗಿಯ ಪಾಲಿಗೆ ಬಿತ್ತು.

ಉಳಿದ ದಿನಗಳಲ್ಲಿ ಅವರು ಎರಡೇ ಸಲ ಹೊರಗೆ ಉಂಡರು, ಎರಡೂ ಮಧ್ಯಾಹ್ನ. ಮೂಲೆಯ ಟೇಬಲ್ ಒಂದು ಕಡೆ ಸಿಕ್ಕಿತು, ಇನ್ನೊಂದು ಕಡೆ ಇಲ್ಲ. ಸಂಗೀತ ತಗ್ಗಿಸಲು ಕೇಳಿದಾಗ ತಗ್ಗಿಸಿದರು. ಪಟ್ಟಿಯಿಂದ ಹೆಸರು ತೆಗೆಯುವ ಆಟ ಅಕ್ಕನಿಗೆ ಎಷ್ಟು ಹಿಡಿಸಿತೆಂದರೆ ಎರಡನೆಯ ಸಲ ತಂಗಿಗೆ ಪ್ರಿಯವಾದ ಜಾಗವನ್ನೇ ಮುಲಾಜಿಲ್ಲದೆ ಹೊಡೆದುಹಾಕಿದರು. ತಂಗಿಗೆ ಕಸಿವಿಸಿಯಾಯಿತು, ಆದರೆ ‘ನಿನ್ನಿಷ್ಟ’ಕ್ಕಿಂತ ಇದೇ ವಾಸಿ ಎಂದರು. ಬಿಲ್ಲನ್ನು ಮಾತ್ರ ಅಕ್ಕ ತಂಗಿಯ ಸರದಿಯ ದಿನವೂ ಕಟ್ಟಿಬಿಟ್ಟರು.

ಇಂಥದ್ದೇ ದೂರಿನಲ್ಲಿ ಬೇರೆ ಕೆಲವು ಲಕ್ಷಣ ಕಂಡರೆ ಮೇಜು ಬದಲಿಸಿ ಪ್ರಯೋಜನವಿಲ್ಲ, ವೈದ್ಯರ ಬಳಿ ಕಳಿಸಬೇಕು: ನೀರು ಕುಡಿದಾಗ ಅಥವಾ ನುಂಗುವಾಗ ಪದೇಪದೇ ಕೆಮ್ಮು, ಪ್ರಯತ್ನಿಸದೆ ಇಳಿಯುತ್ತಿರುವ ತೂಕ, ಹೊಸ ಜಾಗದಲ್ಲಿ ದಿಕ್ಕು ತಪ್ಪುವುದು, ಈಗಷ್ಟೇ ಆರ್ಡರ್ ಮಾಡಿದ್ದನ್ನು ಮರೆತು ಮತ್ತೆ ಕೇಳುವುದು.