ರಸ್ತೆಯಲ್ಲೇ ರಾಜಿ ಆಗಿತ್ತು, ಆದರೂ ಕೋರ್ಟ್ ನೋಟಿಸ್ ಬಂದಿದೆ

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನನ್ನ ಮಗನಿಗೆ 19 ವರ್ಷ. ಮುಳಗುಂದ ನಾಕಾ ಹತ್ತಿರ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಬೈಕ್ ಓಡಿಸುತ್ತಾ, ರಸ್ತೆ ದಾಟುತ್ತಿದ್ದ ತರಕಾರಿ ಮಾರುವವರಿಗೆ ಗುದ್ದಿದ. ಅವರ ಕಾಲಿನ ಎಲುಬು ಮುರಿಯಿತು. ಬೈಕ್ ನನ್ನ ಹೆಸರಿನಲ್ಲಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಮಗನ ಹತ್ತಿರ ಆಗ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾತ್ರ ಇತ್ತು. ಓಣಿಯ ಹಿರಿಯರು ‘ಸ್ಟೇಷನ್ ಗೊಡವಿ ಬ್ಯಾಡ, ಇಲ್ಲೇ ಬಗೆಹರಿಸಿಕೊಳ್ರಿ’ ಅಂದರು. 30 ಸಾವಿರ ಕೊಟ್ಟು ಬಾಂಡ್ ಪೇಪರ್ ಮೇಲೆ ಸಹಿ ಮಾಡಿಸಿಕೊಂಡೆವು. ಈಗ ಪೊಲೀಸ್ ಕೇಸೂ ಆಗಿದೆ, ಎಂಟು ಲಕ್ಷ ಪರಿಹಾರ ಕೇಳಿ ನೋಟಿಸೂ ಬಂದಿದೆ. ಎರಡು ಸಲ ದುಡ್ಡು ಕೊಡಬೇಕಾ? ಲೈಸೆನ್ಸ್ ಇರುವ ಅಳಿಯನ ಹೆಸರು ಹೇಳಿಬಿಡಿ ಅಂತ ಒಬ್ಬರು ಹೇಳುತ್ತಿದ್ದಾರೆ. ಮಗ ಪೊಲೀಸ್ ನೇಮಕಾತಿಗೆ ಓದುತ್ತಿದ್ದಾನೆ.
– ಹೆಸರು ಬೇಡ, ಬೆಟಗೇರಿ

ಉತ್ತರ: ಮೊದಲು ಅಳಿಯನನ್ನು ಇದರಿಂದ ಹೊರಗಿಡಿ. ನಾಕಾದಲ್ಲಿ ನೋಡಿದವರಿದ್ದಾರೆ, ಅಂಗಡಿಗಳ ಕ್ಯಾಮೆರಾ ಇರುತ್ತವೆ, ವಿಮಾ ಕಂಪನಿಯೂ ತನ್ನ ಕಡೆಯಿಂದ ಒಬ್ಬರನ್ನು ಕಳಿಸಿ ವಿಚಾರಿಸುತ್ತದೆ. ಸುಳ್ಳು ಹೊರಬಿದ್ದರೆ ಮಗನ ಜೊತೆ ನೀವು, ಅಳಿಯ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಅಲ್ಲದೆ ನಿಮಗೆ ಆ ಸುಳ್ಳು ಬೇಕಾಗಿಯೂ ಇಲ್ಲ. ಎಲ್‌ಎಲ್ ಕೂಡ ಲೈಸೆನ್ಸೇ ಎಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಆದರೆ ಒಂದು ತೊಡಕಿದೆ. ನಿಮ್ಮ ಪಾಲಿಸಿ ತೆಗೆದು ಡ್ರೈವರ್ ಬಗ್ಗೆ ಇರುವ ಸಾಲು ಓದಿ. ಎಲ್‌ಎಲ್ ಇದ್ದವರು ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂದರೆ ಹಿಂದೆ ಮುಂದೆ ಕೆಂಪು ‘ಎಲ್’ ಇರಬೇಕು, ಜೊತೆಗೆ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು. ಮಗ ಒಬ್ಬನೇ ಹೋಗಿದ್ದನಾ? ಹಾಗಿದ್ದರೆ ಕಂಪನಿ ಇದನ್ನೇ ಹಿಡಿದು ಜಗ್ಗುತ್ತದೆ. ಇಂಥ ಕಡೆ ‘ಕಂಪನಿ ಮೊದಲು ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶ ಬರುವುದುಂಟು. ಹಾಗಾದರೆ ಕಂಪನಿ ಕೊಟ್ಟ ದುಡ್ಡು ನಿಮ್ಮ ತಲೆ ಮೇಲಿನ ಸಾಲವಾಗುತ್ತದೆ. ತಪ್ಪಿಸಿಕೊಳ್ಳಲು ದಾರಿಯೂ ಅದೇ ಸ್ವರಣ್ ಸಿಂಗ್ ತೀರ್ಪಿನಲ್ಲಿದೆ: ಲೈಸೆನ್ಸಿನ ಲೋಪವೇ ಅಪಘಾತಕ್ಕೆ ಮೂಲ ಕಾರಣ ಎಂದು ಕಂಪನಿ ತೋರಿಸಬೇಕು. ನಿಮ್ಮ ವಕೀಲರು ಇದನ್ನು ಗಟ್ಟಿಯಾಗಿ ವಾದಿಸಲಿ. ಆದರೂ ವಸೂಲಿ ಆದೇಶ ಬಂದರೆ 90 ದಿನದೊಳಗೆ ಧಾರವಾಡ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕಬಹುದು.

ಇನ್ನು ಬಾಂಡ್ ಪೇಪರ್. ನಮ್ಮ ಕಡೆ ಜನಕ್ಕೆ ಅದರ ಮೇಲೆ ಅದೇನು ನಂಬಿಕೆಯೋ! ಓಣಿಯಲ್ಲಿ ಬರೆಸಿದ ರಾಜಿಪತ್ರ ಪೊಲೀಸ್ ಕೇಸನ್ನೂ ತಡೆಯುವುದಿಲ್ಲ, ಪರಿಹಾರದ ಅರ್ಜಿಯನ್ನೂ ತಡೆಯುವುದಿಲ್ಲ. ಗಾಯಾಳು ಆಸ್ಪತ್ರೆಗೆ ಹೋದರೆ ಅಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದು ಠಾಣೆಗೆ ತಿಳಿಸುತ್ತಾರೆ. ನಿಮ್ಮ ಕೇಸೂ ಹಾಗೇ ಆಗಿರಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿ, ವಿಮಾ ಕಂಪನಿಗೂ ಬರೆದು ಕೊಡುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಡ್ರೈವರನ ಹೊಣೆ. ಅದನ್ನು ಬಿಟ್ಟು ಹಿರಿಯರ ಮಾತು ಕೇಳಿದಿರಿ. ಆ 30 ಸಾವಿರ ಕಂಪನಿಯಿಂದ ಬರುವುದಿಲ್ಲ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ದುಡ್ಡು ಕೊಡಬಾರದು ಎಂದು ಪಾಲಿಸಿಯ ಷರತ್ತುಗಳಲ್ಲೇ ಇರುತ್ತದೆ. ಬಾಂಡನ್ನು ಹರಿದು ಹಾಕಬೇಡಿ, ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಕೋರ್ಟಿಗೆ ಕೊಡಿ. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ತಡವಾಗಿ ತಿಳಿಸಿದಿರಿ ಅನ್ನುವ ನೆಪ ಒಡ್ಡಿ ಕಂಪನಿ ಗಾಯಾಳುವಿಗೆ ಪರಿಹಾರ ಕೊಡುವುದಿಲ್ಲ ಅನ್ನುವಂತಿಲ್ಲ. ಆದ್ದರಿಂದ ಇವತ್ತೇ ಆರ್‌ಸಿ, ಪಾಲಿಸಿ, ಎಲ್‌ಎಲ್, ನೋಟಿಸ್ ಇವುಗಳ ಪ್ರತಿ ಇಟ್ಟು ಕಂಪನಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಎಂಟು ಲಕ್ಷ ಎಂದು ಹೆದರಬೇಡಿ. ಕೇಳುವುದು ಬೇರೆ, ಆದೇಶ ಆಗುವುದು ಬೇರೆ. ಲೆಕ್ಕ ಹೀಗೆ: ಗಾಯಾಳುವಿಗೆ 52 ವರ್ಷ, ತಿಂಗಳ ದುಡಿಮೆ 15 ಸಾವಿರ, ದುಡಿಯುವ ಶಕ್ತಿ ಶೇ. 15 ಕುಗ್ಗಿದೆ ಎಂದುಕೊಳ್ಳಿ. ವರ್ಷಕ್ಕೆ 1,80,000. ಆ ವಯಸ್ಸಿಗೆ 11ರಿಂದ ಗುಣಿಸುತ್ತಾರೆ. ಅದರ ಶೇ. 15 ಅಂದರೆ 2,97,000. ಇದರ ಮೇಲೆ ಆಸ್ಪತ್ರೆ ಬಿಲ್ಲು, ನೋವು, ಕೆಲಸವಿಲ್ಲದೆ ಮಲಗಿದ ತಿಂಗಳುಗಳು ಸೇರುತ್ತವೆ. ವೈದ್ಯರು ಬರೆದ ಶೇಕಡಾವಾರು ಎಷ್ಟು ಅನ್ನುವುದರ ಮೇಲೇ ಅರ್ಧ ಜಗಳ ನಡೆಯುತ್ತದೆ. ನೀವು ಮಾತ್ರ ಕೋರ್ಟಿಗೆ ಹಾಜರಾಗಲೇಬೇಕು. ‘ಕಂಪನಿ ಇದೆಯಲ್ಲ’ ಎಂದು ಮನೆಯಲ್ಲಿ ಕೂತರೆ ಏಕಪಕ್ಷೀಯ ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ಕೇಸು ನಡೆಯುತ್ತದೆ. ಆಗ ಎಲ್‌ಎಲ್ ಬಗ್ಗೆ ಕಂಪನಿ ಹೇಳಿದ್ದೇ ಮಾತು.

ಎಲುಬು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. 2024ರ ಜುಲೈ 1ರ ನಂತರದ ಅಪಘಾತವಾದರೆ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ಅಜಾಗರೂಕತೆಯಿಂದ ತೀವ್ರ ಗಾಯ) ಕಲಂ ಬೀಳುತ್ತವೆ. ಮೊದಲನೆಯದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡನೆಯದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. ಎರಡೂ ವಿಧಿಸಬಹುದು. ಜಾಮೀನು ಸಿಗುವ ಕೇಸುಗಳೇ. 125(ಬಿ)ಯನ್ನು ಗಾಯಾಳು ಒಪ್ಪಿದರೆ ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು, 281ಕ್ಕೆ ಆ ಅವಕಾಶ ಇಲ್ಲ. ಸುಮ್ನೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರೋಣ ಅನ್ನಬೇಡಿ. ಅದು ಶಿಕ್ಷೆಯಾದ ಹಾಗೆಯೇ. ಪರಿಹಾರದ ಕೇಸಿನಲ್ಲೂ ಆ ಕಾಗದ ನಿಮ್ಮ ವಿರುದ್ಧ ಹೊರಬರುತ್ತದೆ. ಇನ್ನು ನೇಮಕಾತಿ. ಅರ್ಜಿಯಲ್ಲಿ ಕೇಸ್ ಇದೆಯಾ ಎಂದು ಕೇಳಿದ ಕಡೆ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಮುಚ್ಚಿಟ್ಟದ್ದು ಪೊಲೀಸ್ ಪರಿಶೀಲನೆಯಲ್ಲಿ ಗೊತ್ತಾದರೆ ಅದೇ ಕಾರಣಕ್ಕೆ ಕೆಲಸ ಹೋಗಬಹುದು.

ಪ್ರಶ್ನೆ: ಬೈಕ್ ಮಾರಿ ಮೂರು ವರ್ಷವಾಯಿತು. ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಟ್ಟಿದ್ದೆ, ಕೊಂಡವರು ಹೆಸರು ಬದಲಿಸಿಲ್ಲ. ಈಗ ಅವರು ಮಾಡಿದ ಅಪಘಾತಕ್ಕೆ ನೋಟಿಸ್ ನನಗೆ ಬಂದಿದೆ.
– ಓದುಗರು, ರಾಣೆಬೆನ್ನೂರು

ಉತ್ತರ: ಆರ್‌ಸಿಯಲ್ಲಿ ಹೆಸರು ಇರುವವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಮಾರಿದ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕಿತ್ತು. ಅಪಘಾತದ ದಿನ ಇನ್ಶೂರೆನ್ಸ್ ಇತ್ತಾ ಅನ್ನುವುದೇ ಈಗ ಮುಖ್ಯ. ಇದ್ದರೆ ಹೊರೆ ಕಂಪನಿಯ ಮೇಲೆ, ಇಲ್ಲದಿದ್ದರೆ ನಿಮ್ಮ ಮೇಲೆ. ಮಾರಾಟದ ಕಾಗದ, ದುಡ್ಡು ಬಂದ ಬ್ಯಾಂಕ್ ದಾಖಲೆ ಹುಡುಕಿಟ್ಟುಕೊಳ್ಳಿ. ಕೊಂಡವರನ್ನೂ ಪ್ರತಿವಾದಿ ಮಾಡುವಂತೆ ಕೋರ್ಟಿಗೆ ಅರ್ಜಿ ಹಾಕಿಸಿ.