ರಸ್ಟ್ ಪ್ರೋಗ್ರಾಮಿಂಗ್ ಭಾಷೆ ‘ನಲ್’ ಅನ್ನು ಏಕೆ ಕೈಬಿಟ್ಟಿತು?

‘ಇಲ್ಲಿ ಏನೂ ಇಲ್ಲ’ ಎಂದು ಸೂಚಿಸುವ ನಲ್ ಅನ್ನು ಪರೀಕ್ಷಿಸಲು ಮರೆತ ತಪ್ಪು, ಪ್ರೋಗ್ರಾಂ ಬಳಕೆದಾರನ ಕೈ ಸೇರಿದ ಮೇಲಲ್ಲ, ಕಂಪೈಲ್ ಆಗುವಾಗಲೇ, ಅಂದರೆ ಕೋಡ್ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಾಗುವಾಗಲೇ, ಸಿಕ್ಕಿಬೀಳಲಿ ಎಂಬುದೇ ಕಾರಣ. ಜಾವಾ ಭಾಷೆಯಲ್ಲಿ ಸ್ಟ್ರಿಂಗ್ (ಪಠ್ಯ) ಎಂದು ಘೋಷಿಸಿದ ಚರದಲ್ಲಿ ಪಠ್ಯವೂ ಇರಬಹುದು, ನಲ್ ಕೂಡ ಇರಬಹುದು. ಎರಡಕ್ಕೂ ಟೈಪ್ (ಮೌಲ್ಯದ ಬಗೆ) ಒಂದೇ ಆದ್ದರಿಂದ ಕಂಪೈಲರ್ ತಡೆಯುವುದಿಲ್ಲ, ಓಡುವಾಗ ನಲ್‌ನ ಉದ್ದ ಕೇಳಿದೊಡನೆ ದೋಷ ಎದ್ದು ಪ್ರೋಗ್ರಾಂ ನಿಂತುಹೋಗಬಹುದು. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ಅನ್ನು ಸೇರಿಸಿದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಇದನ್ನು ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು.

ರಸ್ಟ್‌ನಲ್ಲಿ ಇಲ್ಲದಿರಬಹುದಾದ ಮೌಲ್ಯಕ್ಕೆ ‘ಆಪ್ಷನ್’ ಎಂಬ ಪ್ರತ್ಯೇಕ ಟೈಪ್ ಇದ್ದು, ಅದು ಖಾಲಿಯಿದ್ದರೆ ಏನು ಮಾಡಬೇಕೆಂದು ತಿಳಿಸದ ಹೊರತು ಒಳಗಿನ ಮೌಲ್ಯ ಕೈಗೆ ಸಿಗುವುದಿಲ್ಲ. ‘ಅನ್‌ರ‍್ಯಾಪ್’ ಎಂದು ಬರೆದು, ಖಾಲಿಯಿದ್ದರೆ ಪ್ರೋಗ್ರಾಂ ಕುಸಿಯಲಿ ಎಂದು ಬಿಡುವವರೂ ಇದ್ದಾರೆ. ಆದರೆ ಆ ಸೋಮಾರಿತನ ಕೋಡ್‌ನಲ್ಲೇ ಕಣ್ಣಿಗೆ ಕಾಣುತ್ತದೆ.